ಹಿನ್ನೆಲೆ

ಆ ಹಾಡಿನ ಹಿನ್ನೆಲೆ ಕೇಳುತ್ತೀಯಲ್ಲ, ಕೂತುಕೋ.
ಹಿನ್ನೆಲೆ ಎಂದರೆ ನಾವೇ.
ನಾನು, ಡೆಲ್ಫೈನ್, ಅರ್ವೆಲ್ಲಾ,
ಮೂರು ಬಾಯಿಗೆ ಒಂದು ಮೈಕು,
ತಲೆಗೆ ಹದಿನೈದು ಡಾಲರು,
ರೆಕಾರ್ಡಿನ ಚೀಟಿಯ ಮೇಲೆ ಹುಡುಕಬೇಡ, ಹೆಸರಿಲ್ಲ.

ಮೆಂಫಿಸ್ಸಿನಲ್ಲಿ, ರೈಲುಹಳಿಯಾಚೆ,
ಮೊದಲು ಮೊಟ್ಟೆಯ ಗೋದಾಮಾಗಿದ್ದ ಕೋಣೆ.
ಸದ್ದು ಹೊರಗೆ ಹೋಗದಿರಲೆಂದು
ಗೋಡೆ ತುಂಬ ಮೊಟ್ಟೆಯ ರಟ್ಟು ಅಂಟಿಸಿದ್ದರು.
ಹೀಟರು ಗುಂಯ್ ಅನ್ನುತ್ತದೆಂದು
ಪ್ರತಿ ಟೇಕಿಗೂ ಆರಿಸುತ್ತಿದ್ದರು.
ಡಿಸೆಂಬರು. ಹಾಡುವಾಗ
ನಮ್ಮ ಉಸಿರು ನಮಗೇ ಕಾಣುತ್ತಿತ್ತು.

ಕ್ಲೀವನ್ ಬಂದ, ಕಂದು ಕೋಟು ಹಾಕಿ.
ಎರಡನೇ ಗುಂಡಿಗೆ ಹಸಿರು ದಾರ.
‘ಹೊಲಿಯುವಾಗ ಮನೆಯಲ್ಲಿ ಕಂದು ದಾರ ಮುಗಿದಿತ್ತು’
ಅಂದಳು ಅರ್ವೆಲ್ಲಾ, ನನ್ನ ಕಿವಿಯಲ್ಲಿ.
ಅಷ್ಟೇ ಅಂದಳು.

ಹಾಡಿನ ಕಾಗದ ಹಂಚಿದರು.
ನಡುರಾತ್ರಿ ಎದ್ದು ಹೋದಳಂತೆ ಅವಳು,
ಹಿಂತಿರುಗಿ ನೋಡಲಿಲ್ಲವಂತೆ,
ಕಿಟಕಿಯಲ್ಲಿ ದೀಪವಿಟ್ಟು ಕಾದನಂತೆ ಇವನು.

ಬೆಳಿಗ್ಗೆ ಹತ್ತೂವರೆ ಅದು.
ಹೋದವನು ಇವನು,
ಬಾಡಿಗೆಯ ದುಡ್ಡಿದ್ದ ಬಿಸ್ಕತ್ತಿನ ಡಬ್ಬಿ ಸಮೇತ.
ಅವಳು ಲಾಂಡ್ರಿಯಲ್ಲಿ ಯಾರದೋ ಅಂಗಿಗೆ
ಗಂಜಿ ಹಾಕುತ್ತಿದ್ದಳು,
ಮಗು ಪಕ್ಕದ ಮನೆಯಲ್ಲಿ, ದಡಾರ ಎದ್ದು.
ದೀಪದ ಮಾತಂತೂ ಬಿಡು,
ಕರೆಂಟು ಕಡಿದು ಒಂಬತ್ತು ದಿನವಾಗಿತ್ತು.

ನಮ್ಮ ಪಾಲಿಗೆ ಆ ಕಾಗದದಲ್ಲಿದ್ದದ್ದು
ಒಂದೇ ಒಂದು: ಹೂಂ.
ಅವನು ಒಂದು ಸಾಲು ಹೇಳಬೇಕು, ನಾವು ಹೂಂ.
ಇನ್ನೊಂದು ಸಾಲು, ಹೂಂ.
ಅಜ್ಜಿಯ ಕತೆಗೆ ಹೂಂಗುಟ್ಟುವ ಮಕ್ಕಳ ಹಾಗೆ.

ಐದು ಟೇಕು ಹೂಂಗುಟ್ಟಿದೆವು.
ಆರನೆಯದರಲ್ಲಿ,
ಹಿಂತಿರುಗಿ ನೋಡಲಿಲ್ಲ ಎಂದು ಅವನು ಎಳೆದಾಗ
ನನ್ನ ಎಡಗಡೆಯಿಂದ
ಸ್ವರ ತಪ್ಪದೆ, ತಾಳ ತಪ್ಪದೆ,
ಹೂಂ ಎನ್ನುವುದರ ಮುಂದೆ ಒಂದು ಊ ಬಂದು ಕೂತಿತು.
ಊಹೂಂ.

ಡ್ರಮ್ಮಿನ ಹುಡುಗ ತಲೆಯೆತ್ತಿದ.
ಗಾಜಿನಾಚೆ ಮಿಸ್ಟರ್ ಪರ್ವಿಸ್
ಸಿಗರೇಟು ಹಿಡಿದ ಬೆರಳನ್ನು ಗಾಳಿಯಲ್ಲಿ ಸುತ್ತಿದರು:
ನಡೆಯಲಿ, ನಡೆಯಲಿ.
ಮುಂದಿನ ಸಾಲಿಗೆ ಡೆಲ್ಫೈನ್ ಸೇರಿಕೊಂಡಳು. ಊಹೂಂ.
ನಾನು ಇನ್ನೂ ಎರಡು ಸಾಲು ಹೂಂ ಅನ್ನುತ್ತಲೇ ಇದ್ದೆ,
ಅದನ್ನೂ ಹೇಳಿಬಿಡುತ್ತೇನೆ,
ನನಗೆ ಹದಿನೈದು ಡಾಲರು ಬೇಕಿತ್ತು.
ಆಮೇಲೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

ಎರಡನೇ ಚರಣದಲ್ಲಿ ಕ್ಲೀವನ್ನನ ದನಿ ಒಡೆಯುತ್ತದಲ್ಲ,
ಜನ ಕಣ್ಣೊರೆಸಿಕೊಳ್ಳುವ ಜಾಗ,
ಅದನ್ನು ವಿರಹ ಅನ್ನುತ್ತಾರೆ.
ಸುಳ್ಳಾಡುವಾಗ ಬೆನ್ನ ಹಿಂದೆ
ಗೊತ್ತಿರುವವರು ನಿಂತಿದ್ದರೆ
ಯಾರ ದನಿಯಾದರೂ ಹಾಗೇ ಒಡೆಯುತ್ತದೆ.
ಆದರೂ ಕೇಳಿದರೆ ಅಳು ಬರುತ್ತದೆ. ನನಗೂ.
ಯಾಕೋ.

ರೆಕಾರ್ಡಿನಲ್ಲಿ ಹಾಡು ಮೆಲ್ಲಗೆ ಮುಳುಗುತ್ತದೆ.
ಕೋಣೆಯಲ್ಲಿ ಮುಳುಗಲಿಲ್ಲ.
ಅವನ ಸಾಲುಗಳು ತೀರಿದವು, ಆರ್ಗನ್ನು ತೀರಲಿಲ್ಲ.
ಅವನು ಹಿಂತಿರುಗಿ ನೋಡಿದ.
ಅವಳು ಅವನ ಗುಂಡಿಯನ್ನೇ ನೋಡುತ್ತ
ಊಹೂಂ, ಊಹೂಂ,
ಇನ್ನೂ ಒಂದು ನಿಮಿಷ.
ಆ ನಿಮಿಷದ ಮೇಲೆ ಮಾರನೇ ವಾರ
ಸೋಪಿನ ಪುಡಿಯ ಜಾಹೀರಾತು ಹಿಡಿದರು.
ಟೇಪು ಆಗ ದುಬಾರಿ.

ದುಡ್ಡೆಣಿಸಿಕೊಂಡು ಮೂವರೂ ನಡೆದೆವು, ಬಸ್ಸಿಗೆ ಕಾಯದೆ.
ಮೂಲೆಯಂಗಡಿಯಲ್ಲಿ ಅರ್ವೆಲ್ಲಾ
ಮಗುವಿಗೆ ನಾಲ್ಕು ಕಿತ್ತಳೆ ಆರಿಸಿದಳು,
ಮೂಸಿ ನೋಡಿ ಒಂದನ್ನು ವಾಪಸಿಟ್ಟಳು.
ಗಲ್ಲಾದ ಹತ್ತಿರ ಹೋದವಳು
ಏನೋ ನೆನಪಾದ ಹಾಗೆ ತಿರುಗಿ ಬಂದು
ಒಂದು ರೀಲು ದಾರ ತೆಗೆದುಕೊಂಡಳು.
ಕಂದು.